ನಾಲ್ಕು ಗಂಟೆಯ ಕಟಿಂಗು

ಒಂದು ಫೋನು ಮಾಡುವುದಕ್ಕೆ ಹೆದರಿ ಮೆಲ್ಲಿ ಅರ್ಧ ಊರಿನ ಇಂಟರ್‌ನೆಟ್ಟನ್ನು ಯಾವುದೋ ಕೋಲ್ಡ್ ಸ್ಟೋರೇಜಿನ ಪಾಲು ಮಾಡಿಬಿಟ್ಟಳು.

ಮೆಲ್ಲಿ ಎಂಬುದು ಅವಳ ಹೆಸರಲ್ಲ. ಪಕ್ಕದ ಕುರ್ಚಿಗೂ ಕೇಳಿಸದ ಅವಳ ದನಿಗೆ ಆಫೀಸಿನವರು ಕೊಟ್ಟ ಬಿರುದು. ಮೂರು ಕೋಣೆಯ ಆ ಇಂಟರ್‌ನೆಟ್ ಕಂಪನಿಯಲ್ಲಿ ರೂಟ್ ರಿಜಿಸ್ಟ್ರಿಯನ್ನು ಸರಿಯಾಗಿ ಇಟ್ಟುಕೊಳ್ಳುವುದು ಅವಳ ಕೆಲಸ. ಹಾಗಂದರೇನು ಎಂದು ಅಕ್ಕ ಕೇಳಿದಾಗ ಮೆಲ್ಲಿ ಬಿಡಿಸಿ ಹೇಳಿದ್ದಳು. ಇಂಟರ್‌ನೆಟ್ಟಿನಲ್ಲಿ ಪ್ರತಿ ಕಂಪನಿಯೂ 'ಇಂತಿಂಥ ವಿಳಾಸಗಳು ನನ್ನ ಹತ್ತಿರ ಇವೆ, ಈ ಕಡೆ ಕಳಿಸಿ' ಎಂದು ಕೂಗುತ್ತಲೇ ಇರುತ್ತದೆ. ಕೂಗಿದವರನ್ನೆಲ್ಲ ನಂಬಿದರೆ ಕೆಟ್ಟೆವು. ಅದಕ್ಕೇ ಯಾವ ವಿಳಾಸ ಯಾರದು ಎಂದು ಎಲ್ಲರಿಗೂ ಕಾಣುವಂತೆ ಬರೆದಿಟ್ಟಿರುತ್ತಾರೆ; ಅದೇ ರಿಜಿಸ್ಟ್ರಿ. ಅದರಲ್ಲಿದ್ದರೆ ಕೂಗಿಗೆ ಬೆಲೆ, ಇಲ್ಲದಿದ್ದರೆ ಇಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು, "ಒಟ್ನಲ್ಲಿ ಬೇರೆಯವರು ಕೂಗ್ತಾರೆ, ನೀನು ಸುಮ್ನೆ ಬರ್ಕೋತೀಯ. ನಿನಗೇ ಹೇಳಿ ಮಾಡಿಸಿದ ಹಾಗಿದೆ ಬಿಡು," ಅಂದಿದ್ದಳು.

ಆ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎನ್ನುವುದು ಅವತ್ತೇ ಗೊತ್ತಾಗಬೇಕಿತ್ತು. ಆಗದಿದ್ದರೆ ಭಾವನ ಪಾತ್ರೆ ಅಂಗಡಿ ಬಾಯಿ ತೆರೆದುಕೊಂಡು ಕಾದಿತ್ತು. ಅಲ್ಲಿ ಬಾಗಿಲಲ್ಲಿ ನಿಂತು ಹಾದಿಹೋಕರನ್ನು ಬನ್ನಿ ಬನ್ನಿ ಎಂದು ಕೂಗಿ ಕರೆಯಬೇಕು. ನೆನೆಸಿಕೊಂಡರೇ ಮೆಲ್ಲಿಯ ನಾಲಿಗೆ ಒಣಗಿ ಹಪ್ಪಳವಾಗುತ್ತಿತ್ತು.

ಎಡವಟ್ಟಿನ ಬೇರು ಇಷ್ಟೇ. ಕಂಪನಿಯ ವಿಳಾಸಗಳಲ್ಲಿ ಒಂದು ಕಂತೆ ಹಿಂದೆ ದೂರದೂರಿನ ಒಂದು ಕೋಲ್ಡ್ ಸ್ಟೋರೇಜಿನದಾಗಿತ್ತು. ಅವರು ಬಿಟ್ಟುಕೊಟ್ಟು ವರ್ಷಗಳಾದರೂ ರಿಜಿಸ್ಟ್ರಿಯಲ್ಲಿ ಅವರ ಹಳೆಯ ಸಾಲು, ಮನೆ ಖಾಲಿ ಮಾಡಿದವರು ಬಿಟ್ಟುಹೋದ ನಾಮಫಲಕದಂತೆ, ಹಾಗೇ ಉಳಿದಿತ್ತು. ಅದನ್ನು ಅವರೇ ಅಳಿಸಬೇಕು. ಮೆಲ್ಲಿ ಅತ್ಯಂತ ವಿನಯದ ಮೇಲ್‌ಗಳನ್ನು ಕಳಿಸಿದ್ದಳು. ಉತ್ತರವಿಲ್ಲ. ಉಳಿದದ್ದು ಫೋನು. ಅದನ್ನು ಇವತ್ತು ನಾಳೆ ಎಂದು ಮುಂದೂಡುತ್ತಲೇ ಬಂದಿದ್ದಳು.

ಅವತ್ತು ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಗಿರಾಕಿಗಳ ನೆಟ್ಟೆಲ್ಲ ಮಲಗಿತ್ತು. ಮೊಬೈಲಿನಲ್ಲಿ ಹುಡುಕಿ ನೋಡಿದವಳಿಗೆ ಕಾರಣ ಸಿಕ್ಕಿತು. ಕೋಲ್ಡ್ ಸ್ಟೋರೇಜಿನ ರೂಟರು ಆ ಹಳೆಯ ವಿಳಾಸಗಳು ತನ್ನವೆಂದು ಕೂಗುತ್ತಿತ್ತು. ರಿಜಿಸ್ಟ್ರಿಯ ಹಳೆಯ ಸಾಲು ಹೌದೆಂದು ತಲೆಯಾಡಿಸಿತ್ತು. ಊರಿನವರು ಕಳಿಸಿದ ಪ್ರಶ್ನೆಗಳು ಸರಿಯಾಗಿಯೇ ಹೋಗುತ್ತಿದ್ದವು, ಉತ್ತರಗಳು ಮಾತ್ರ ಅಲ್ಲಿಗೆ ಹೋಗಿ ಬೀಳುತ್ತಿದ್ದವು.

ಅಷ್ಟರಲ್ಲಿ ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಕೈಗವಸಿನಲ್ಲೇ ಇಳಿದು ಬಂದರು.

"ಪೇಷಂಟನ್ನ ಬಾಯಿ ತೆರೆಸಿ ಕೂರಿಸಿದ್ದೀನಿ ಸಾರ್. ಯಾವ ಹಲ್ಲು ಕೀಳ್ಬೇಕು ಅನ್ನೋದು ಮಾತ್ರ ನಿಮ್ಮ ನೆಟ್ಟಲ್ಲಿದೆ."

ಕಂಪನಿಯ ಯಜಮಾನರು ವೈರ್‌ಮನ್ನನ್ನು ಕರೆಸಿದರು. ಅವನು ಏನನ್ನೂ ನೋಡುವ ಮೊದಲೇ ಇದು ಇಲಿಯ ಕೆಲಸ ಎಂದು ತೀರ್ಪು ಕೊಟ್ಟು ಅಟ್ಟ ಹತ್ತಿದ. ಡಾಕ್ಟರು ಎಲ್ಲವನ್ನೂ ಒಮ್ಮೆ ಆರಿಸಿ ಹಾಕಿ ಎಂದರು. ಆರಿಸಿ ಹಾಕಿದ್ದಾಯಿತು. ಮೆಲ್ಲಿ ಮೂರು ಸಲ "ಸಾರ್" ಅಂದಳು. ಅಟ್ಟದ ಸುತ್ತಿಗೆ ಅದನ್ನು ನುಂಗಿತು. ಕೆಳಗಿನ ಸಲೂನಿನವನು ನೊರೆ ಮೆತ್ತಿದ ಬ್ರಷ್ ಹಿಡಿದು ಬಾಗಿಲಲ್ಲಿ ಇಣುಕಿ, ಯಾರೋ ಫೋನು ಮಾಡಿ ಮಾಡಿ ಪ್ರಾಣ ತಿನ್ನುತ್ತಿದ್ದಾರೆ ಎಂದು ಶುರು ಮಾಡಿದ. ಯಜಮಾನರ ತಲೆಯ ಮೇಲೆ ಸಲೂನಿಗೆ ಒದಗುವಂಥದ್ದೇನೂ ಉಳಿದಿರಲಿಲ್ಲವಾದ್ದರಿಂದ, ಅದು ತಮ್ಮ ವಿಷಯವಲ್ಲವೆಂದು ಕೈಬೀಸಿ ಕಳಿಸಿದರು.

ಕೊನೆಗೆ ಮೆಲ್ಲಿ ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಟ್ಟಳು. ಯಜಮಾನರು ಎರಡು ಸಲ ಓದಿದರು.

"ಹಾಗಾದ್ರೆ ಫೋನ್ ಮಾಡಮ್ಮ. ಸಂಜೆಯೊಳಗೆ ಸರಿಹೋದ್ರೆ ನೀನೂ ಉಳೀತೀಯ, ನಾನೂ ಉಳೀತೀನಿ."

ಮೆಲ್ಲಿ ಮೆಟ್ಟಿಲ ಮೂಲೆಯಲ್ಲಿ ಕೂತು ರಿಜಿಸ್ಟ್ರಿಯಲ್ಲಿದ್ದ ಕೋಲ್ಡ್ ಸ್ಟೋರೇಜಿನ ನಂಬರು ಒತ್ತಿದಳು. ಎತ್ತಿದ್ದು ಒಬ್ಬ ಅಜ್ಜಿ. ಅವರ ಅಳಿಯ ಕೋಲ್ಡ್ ಸ್ಟೋರೇಜಿನ ಕೆಲಸವನ್ನೂ ಬಿಟ್ಟಿದ್ದ, ಹಳೆಯ ಫೋನನ್ನೂ ಅತ್ತೆಯ ಮನೆಯಲ್ಲಿ ಬಿಟ್ಟಿದ್ದ. ಬಹುಕಾಲಕ್ಕೆ ಮಾತಿಗೆ ಸಿಕ್ಕ ಜೀವವೆಂದು ಅಜ್ಜಿ ತಮ್ಮ ಮಂಡಿನೋವಿನ ಪೂರ್ವಾಪರವನ್ನೆಲ್ಲ ಹೇಳಿದರು. ಮೆಲ್ಲಿಗೆ ಹೂಂಗುಟ್ಟುವುದು ಗೊತ್ತಿತ್ತೇ ಹೊರತು ಮಾತು ತುಂಡರಿಸುವುದು ಗೊತ್ತಿರಲಿಲ್ಲ. ಎಡ ಮಂಡಿ ಮುಗಿದು ಬಲ ಮಂಡಿಯೂ ಮುಗಿದ ಮೇಲೆ ಅಜ್ಜಿ ಕೋಲ್ಡ್ ಸ್ಟೋರೇಜಿನ ಗೇಟಿನ ನಂಬರು ಕೊಟ್ಟರು.

ಅಷ್ಟರಲ್ಲಿ ವೈರ್‌ಮನ್ ಇಲಿಯ ಬಾಲವೆಂದು ಏನನ್ನೋ ಎಳೆದ. ಇಡೀ ಕಟ್ಟಡದ ಕರೆಂಟು ಹೋಯಿತು. ಮೇಲಿನಿಂದ ಬಾಯಿ ತೆರೆದೇ ಕೂತಿದ್ದ ಪೇಷಂಟು ವ್ಯಂಜನವಿಲ್ಲದೆ ಬರೀ ಸ್ವರಗಳಲ್ಲೇ ಏನೋ ಬೈದದ್ದು ಕೇಳಿಸಿತು.

ಗೇಟಿನ ಕಾವಲುಗಾರ ಫೋನೆತ್ತಿದ. ಮೆಲ್ಲಿ ವಿಷಯ ಹೇಳಿದಳು. ಅವನು ನಿಟ್ಟುಸಿರುಬಿಟ್ಟ.

"ನಮ್ಮ ಕಂಪ್ಯೂಟರಿನವನು ಕೈಗೆ ಸಿಗಲ್ಲಮ್ಮ. ಬೆಳಿಗ್ಗೆಯಿಂದ ಯಾವುದೋ ನೆಟ್ ಕಂಪನಿಗೆ ಫೋನ್ ಮಾಡ್ತಾನೇ ಇದ್ದಾನೆ. ಅಲ್ಲಿ ಯಾವನೋ ಪುಣ್ಯಾತ್ಮ, ನಾಲ್ಕು ಗಂಟೆಗೆ ಬಾ, ಕಟಿಂಗ್ ಮಾಡ್ತೀನಿ ಅಂತಾನಂತೆ."

ಮೆಲ್ಲಿ ತಲೆಯೆತ್ತಿದಳು. ಮೆಟ್ಟಿಲಲ್ಲಿ ಸಲೂನಿನವನು ಮತ್ತೆ ನಿಂತಿದ್ದ.

"ಮೇಡಂ, ನೀವಾದ್ರೂ ಕೇಳಿ. ನಾಲ್ಕು ಗಂಟೆಗೆ ಟೈಮ್ ಕೊಟ್ರೂ ಆ ಮನುಷ್ಯ ಬಿಡ್ತಾ ಇಲ್ಲ."

ಈಗೆಲ್ಲ ಲ್ಯಾಂಡ್‌ಲೈನು ಯಾರಿಗೆ ಬೇಕೆಂದು ಯಜಮಾನರು ಆಫೀಸಿನ ಹಳೆಯ ಫೋನನ್ನು, ನಂಬರಿನ ಸಮೇತ, ಸಲೂನಿಗೆ ದಾನ ಮಾಡಿದ್ದರು. ಇದು ಬೀದಿಗೆಲ್ಲ ಗೊತ್ತಿದ್ದ ಕತೆ. ಗೊತ್ತಿರದಿದ್ದದ್ದು ರಿಜಿಸ್ಟ್ರಿಗೆ ಮಾತ್ರ. ಗಿರಾಕಿಗಳ ಸಾಲುಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ ಮೆಲ್ಲಿ ತನ್ನದೇ ಕಂಪನಿಯ ಹೆಸರಿನ ಮುಂದಿನ ಫೋನ್ ನಂಬರನ್ನು ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು.

ಅವಳು ಸಲೂನಿಗೆ ಓಡಿದಳು. ಅಲ್ಲೊಬ್ಬ ಗಿರಾಕಿ ಒಂದೇ ಕೆನ್ನೆ ಬೋಳಿಸಿಕೊಂಡು ಕೂತಿದ್ದ. ಪಕ್ಕಕ್ಕಿಟ್ಟಿದ್ದ ರಿಸೀವರನ್ನು ಮೆಲ್ಲಿ ಎತ್ತಿಕೊಂಡಳು. ಆ ಕಡೆ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರಿನವನ ದನಿ ಅವಳದಕ್ಕಿಂತ ಮೆಲ್ಲಗಿತ್ತು. ಮೂಲೆಯಲ್ಲಿ ಬ್ಯಾಟರಿ ರೇಡಿಯೋ ಒದರುತ್ತಿತ್ತು. ಅವನು ಏನೆಂದದ್ದೂ ಇವಳಿಗೆ ಕೇಳಲಿಲ್ಲ, ಇವಳು ಅಂದದ್ದೂ ಅವನಿಗೆ ಕೇಳಲಿಲ್ಲ. ಸಲೂನಿನವನು ಕತ್ತಿ ಕೆಳಗಿಟ್ಟ.

"ಇಬ್ರೂ ಪಿಸುಗುಟ್ತಾ ಇದ್ರೆ ಇವರ ಇನ್ನೊಂದು ಕೆನ್ನೆ ಯಾವಾಗ ಮಾಡ್ಲಿ? ಜೋರಾಗಿ ಮೇಡಂ."

ಮೆಲ್ಲಿ ಕಣ್ಣು ಮುಚ್ಚಿದಳು. ಪಾತ್ರೆ ಅಂಗಡಿಯ ಬಾಗಿಲು ಕಾಣಿಸಿತು.

"ಆ ವಿಳಾಸಗಳು ನಮ್ಮವು. ನಿಮ್ಮ ರೂಟರ್ ಕೂಗೋದನ್ನ ನಿಲ್ಲಿಸಿ. ರಿಜಿಸ್ಟ್ರಿಯಲ್ಲಿರೋ ನಿಮ್ಮ ಹಳೇ ಸಾಲನ್ನೂ ಅಳಿಸಿ."

ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. ಆ ಕಡೆಯವನಿಗೂ ಧೈರ್ಯ ಬಂತು. ಹಳೆಯ ರೂಟರೊಂದನ್ನು ಮತ್ತೆ ಚಾಲೂ ಮಾಡಿದ್ದೇ ತಪ್ಪಾಯಿತೆಂದ. ನಿಮ್ಮೂರಿನದೆಲ್ಲ ಬಂದು ಸುರಿದು, ಗೋದಾಮಿನ ಬಟಾಣಿ ಕರಗುತ್ತಿದೆಯೋ ಇಲ್ಲವೋ ಪರದೆಯಲ್ಲಿ ಕಾಣಿಸುತ್ತಿಲ್ಲವೆಂದ. ರಿಜಿಸ್ಟ್ರಿಯಲ್ಲಿ ಎರಡೂ ಕಂಪನಿಯ ಹೆಸರಿತ್ತು, ಕೇಳದೆ ಅಳಿಸಿದರೆ ಎಲ್ಲಿ ಕೆಲಸ ಹೋಗುತ್ತದೋ ಎಂದು ಹೆದರಿದ್ದನಂತೆ. ಈಗ ಎರಡು ಕೆಲಸವನ್ನೂ ಮುಗಿಸಿಬಿಟ್ಟ. ಅತ್ತ ವೈರ್‌ಮನ್ ಎಳೆದದ್ದನ್ನು ಮತ್ತೆ ಸಿಕ್ಕಿಸಿದ. ಕರೆಂಟು ಬಂತು, ಅದರ ಹಿಂದೆಯೇ ನೆಟ್ಟೂ ಬಂತು. ಮಹಡಿಯ ಮೇಲೆ ಸರಿಯಾದ ಹಲ್ಲೇ ಕಿತ್ತುಬಂತು. ವೈರ್‌ಮನ್ ಮಾತ್ರ ಇಲಿ ಹೆದರಿ ಓಡಿತೆಂದು ಹೇಳಿಕೊಂಡು ಹೋದ.

ಸಂಜೆ ಯಜಮಾನರು ಕೆಲಸ ಕಾಯಂ ಎಂದರು. ಮೆಲ್ಲಿ ಖುಷಿಯಲ್ಲೇ, ರಿಜಿಸ್ಟ್ರಿಯಲ್ಲಿ ನಮ್ಮ ಫೋನ್ ನಂಬರು ತಪ್ಪಿದೆ, ತೆಗೆದು ಬರೀ ಮೇಲ್ ವಿಳಾಸ ಹಾಕುತ್ತೇನೆ ಎಂದಳು. ಯಜಮಾನರು ಯೋಚಿಸಿದರು.

"ಬರೆದಿರೋದನ್ನ ಯಾಕಮ್ಮ ತಿದ್ತೀಯ? ಫೋನನ್ನೇ ವಾಪಸ್ ತಂದ್ರಾಯ್ತು."

ಸಲೂನಿನವನು ಸಂತೋಷದಿಂದ ಅದನ್ನು ಟವೆಲಿನಲ್ಲಿ ಸುತ್ತಿ ತಂದು ಮೆಲ್ಲಿಯ ಮೇಜಿನ ಮೇಲಿಟ್ಟ. ಅದರಿಂದ ಶೇವಿಂಗ್ ಸೋಪಿನ ವಾಸನೆ ಬರುತ್ತಿತ್ತು. ತನ್ನ ಗಿರಾಕಿಗಳಿಗೆಲ್ಲ ಇದೇ ನಂಬರು ಬಾಯಿಪಾಠ, ಅವರು ಮಾಡಿದರೆ ಮೆಟ್ಟಿಲ ಮೇಲಿಂದ ಒಂದು ಕೂಗು ಹಾಕಿ ಎಂದು ಹೇಳಿ ಇಳಿದುಹೋದ. ರಿಜಿಸ್ಟ್ರಿಯ ಸಾಲು ಒಂದಕ್ಷರ ಬದಲಾಗದೆ ಸತ್ಯವಾಯಿತು. ಮೆಲ್ಲಿ ಮಾತ್ರ ಬಾಗಿಲಲ್ಲಿ ನಿಂತು ಕೂಗುವವಳಾದಳು. ಪಾತ್ರೆ ಬದಲು ಕಟಿಂಗು.

ಫೋನು ಬಡಿದುಕೊಂಡಿತು. ಮೆಲ್ಲಿ ಎತ್ತಿದಳು. ಆ ಕಡೆಯ ದನಿ ಬೆಳಗಿನದೇ.

"ಬಟಾಣಿ ಉಳೀತು ರೀ. ಅಂದ್ಹಾಗೆ, ನಂಗೆ ನಾಲ್ಕು ಗಂಟೆಗೆ ಟೈಮ್ ಕೊಟ್ಟಿದ್ರು, ಬರೋಕಾಗ್ಲಿಲ್ಲ. ಭಾನುವಾರ ಸಿಗುತ್ತಾ?"

ಮೆಲ್ಲಿಗೆ ನಗು ಬಂತು. ರಿಸೀವರ್ ಪಕ್ಕಕ್ಕಿಟ್ಟು ಮೆಟ್ಟಿಲ ಬಳಿ ಹೋಗಿ, ಸೊಂಟಕ್ಕೆ ಕೈಯಿಟ್ಟು, ಭಾನುವಾರ ನಾಲ್ಕು ಗಂಟೆಗೆ ಒಂದು ಕಟಿಂಗ್ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಯಾರ ಹೆಸರಿಗೆ ಮೇಡಂ?" ಎಂದು ಕೆಳಗಿನಿಂದ ಪ್ರಶ್ನೆ ಬಂತು.

ಯಾವ ವಿಳಾಸ ಯಾರದೆಂದು ಊರಿಗೆಲ್ಲ ಬರೆದಿಡುವ ಮೆಲ್ಲಿ ಅವನ ಹೆಸರನ್ನೇ ಕೇಳಿರಲಿಲ್ಲ. ಅವಳು ಫೋನಿನ ಕಡೆಗೆ ಓಡಿದಳು.