ಅತ್ತೆಯ ಸಿಗ್ನಲ್ಲಿಗೆ ನಾನು ಹಾಕಿದ ಲೆಕ್ಕ

ಓದು ಹೆಚ್ಚಾದವನನ್ನು ಮನೆಗೆಲಸಕ್ಕೆ ಕರೆಯಬಾರದು. ಕರೆದರೆ ಅವನು ಬಂದೇಬಿಡುತ್ತಾನೆ. ಇದಕ್ಕೆ ನಾನೇ ಸಾಕ್ಷಿ. ರಾಮನಗರದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತ ಎಂಟು ವರ್ಷದಿಂದ ಪಿಎಚ್‌.ಡಿ.ಗೆ ಒದ್ದಾಡುತ್ತಿದ್ದೇನೆ. ಕ್ಷಣಕ್ಕೆ ಕೋಟ್ಯಂತರ ಸಲ ಕುಣಿಯುವ ಅಲೆಗಳು, ಅಡ್ಡಲಾಗಿ ಬಂಡೆಯೋ ಗೋಡೆಯೋ ಸಿಕ್ಕಾಗ ಎಲ್ಲಿಗೆ ಹೋಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ವಿಷಯ. ಮೊಬೈಲ್ ಸಿಗ್ನಲ್ಲೂ ಅಂಥದೇ ಅಲೆ.

ನನ್ನ ಹೆಂಡತಿ ಸವಿತಾಗೆ ಈಗ ಆರು ತಿಂಗಳು. ಸಾತನೂರಿನ ಹತ್ತಿರದ ತೋಟದ ಮನೆಯಿಂದ ಅವಳ ತಾಯಿ ದಿನಾ ಬೆಳಿಗ್ಗೆ ಫೋನ್ ಮಾಡಿ, ಹೊಟ್ಟೆಗೆ ತಿಂದೆಯಾ, ಕಾಲು ಊದಿಕೊಂಡಿದೆಯಾ ಎಂದು ವಿಚಾರಿಸಿದರೇನೇ ಅವಳಿಗೆ ಧೈರ್ಯ. ಆ ಮನೆಯ ಬೆನ್ನಿಗೆ ದೊಡ್ಡ ಬಂಡೆ. ಸಿಗ್ನಲ್ ಸಿಗುವುದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಮಾತ್ರ, ಅದೂ ನಡುನಡುವೆ ಕಟ್ಟಾಗುತ್ತದೆ. ಯಾವಾಗ ನೋಡಿದರೂ ಅಲೆ ಅಲೆ ಅಂತೀರಲ್ಲ, ನಮ್ಮಮ್ಮ ಎಲ್ಲಿ ನಿಂತರೆ ಒಳ್ಳೆಯದು ಹೇಳಿ ನೋಡೋಣ ಎಂದಳು ಸವಿತಾ.

ನನಗೂ ಕುತೂಹಲ ಕೆರಳಿತು. ಬಂಡೆಯ ಮರೆಯಲ್ಲಿರುವ ಕಲ್ಲಿಗೆ ಅಲೆ ಬಂದದ್ದಾದರೂ ಹೇಗೆ? ಬಂಡೆಯ ಅಂಚಿನಲ್ಲಿ ಬಾಗಿ ಬಂತೋ, ರೇಷ್ಮೆಹುಳು ಸಾಕುವ ಮನೆಯ ತಗಡಿಗೆ ಬಡಿದು ಬಂತೋ? ಊರಿಗೆ ಹೋಗಿ ಟೇಪು ಹಿಡಿದು ಬಂಡೆ, ತಗಡು, ಹಿಪ್ಪುನೇರಳೆ ತೋಟ ಎಲ್ಲವನ್ನೂ ಅಳೆದುಕೊಂಡು ಬಂದೆ. ಈ ಅಲೆಯ ಉದ್ದ ಒಂದು ಗೇಣೂ ಇಲ್ಲ. ನಂಬುವಂಥ ಉತ್ತರ ಬೇಕಾದರೆ ಬೆರಳಗಲಕ್ಕೊಂದು ಚುಕ್ಕಿ ಇಟ್ಟು, ಚುಕ್ಕಿ ಚುಕ್ಕಿಗೂ ಲೆಕ್ಕ ಮಾಡಬೇಕು. ಎರಡು ಎಕರೆಗೆ, ಬಂಡೆಯೆತ್ತರಕ್ಕೆ! ನನ್ನ ಲ್ಯಾಪ್‌ಟಾಪ್ ಬಿಸಿಯಾಗಿ, ಮುನಿಸಿಕೊಂಡು ಮಲಗಿತು. ಇತ್ತ ಅಳಿಯನ ಮರ್ಯಾದೆಯ ಪ್ರಶ್ನೆ. ಮಾರಿಗೊಂದೇ ಚುಕ್ಕಿ ಇಟ್ಟೆ. ರಾಗಿ ಹಿಟ್ಟನ್ನು ಮಂಕರಿ ಬುಟ್ಟಿಯಲ್ಲಿ ಜರಡಿ ಹಿಡಿದ ಹಾಗಾಯಿತು; ಅಲೆಯೆಲ್ಲ ಸಂದಿಯಲ್ಲೇ ಸೋರಿಹೋಯಿತು. ಆದರೂ ಪರದೆಯ ಮೇಲೆ ಒಂದು ಜಾಗ ಕೆಂಪಗೆ ಮೂಡಿತು. ಅದು ತಿಪ್ಪೆ. ಅಲ್ಲೇ ನಿಲ್ಲಿ ಎಂದು ಅತ್ತೆಗೆ ಫೋನಿನಲ್ಲಿ ಗಂಭೀರವಾಗಿ ಹೇಳಿದೆ.

ಮಾರನೆಯ ದಿನದಿಂದ ಅತ್ತೆಯ ಫೋನೇ ಇಲ್ಲ. ನಾವು ಮಾಡಿದರೂ ಹೋಗದು. ಮೂರನೆಯ ದಿನ ಸವಿತಾ ಅಳುವುದಕ್ಕೇ ಶುರುಮಾಡಿದಳು. ನಾನು ಬಸ್ಸು ಹತ್ತಿ ಓಡಿದೆ. ಹೋಗಿ ನೋಡಿದರೆ ಅತ್ತೆ ತಲೆಗೆ ಸೆರಗು ಹೊದ್ದು, ಫೋನನ್ನು ಮೇಲೆತ್ತಿಕೊಂಡು ತಿಪ್ಪೆಯ ಮೇಲೆ ನಿಂತಿದ್ದಾರೆ! ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಲೆಕ್ಕ ತಪ್ಪಾಗಿದೆ, ಇಳಿದು ಬನ್ನಿ ಎಂದೆ.

"ನಿಮ್ ಲೆಕ್ಕ ಎಲ್ಲಾದ್ರೂ ತಪ್ತದಾ ಅಳಿಯಂದ್ರೆ? ನಾನೇ ಸರ್ಯಾಗಿ ನಿಂತ್ಕಂಡಿಲ್ವೇನೋ ಅಂತ ಒಸಿ ಅತ್ತಗೆ, ಒಸಿ ಇತ್ತಗೆ ತಿರುಕ್ಕಂಡು ನೋಡ್ತಾ ಇವ್ನಿ" ಎಂದರು. ಎಂಟು ವರ್ಷದಲ್ಲಿ ನನ್ನ ಗೈಡ್ ಒಂದು ದಿನವೂ ನನ್ನನ್ನು ಇಷ್ಟು ನಂಬಿದ್ದಿಲ್ಲ.

ಬಲವಂತವಾಗಿ ಅವರನ್ನು ಒಗೆಯುವ ಕಲ್ಲಿನ ಮೇಲೆ ಹತ್ತಿಸಿದೆ. ಫೋನು ಹೋಯಿತು. ಮಗಳ ದನಿ ಕೇಳಿ ಅತ್ತೆಯ ಕಣ್ಣು ತುಂಬಿ ಬಂತು. ಇವರ ಲೆಕ್ಕ ಏನಾಯ್ತಮ್ಮ ಎಂದು ಸವಿತಾ ಕೇಳಿದ್ದು ನನಗೂ ಕೇಳಿಸಿತು. ಅತ್ತೆ ನನ್ನ ಮುಖ ನೋಡಿದರು.

"ಅವ್ರು ತೋರ್ಸಿದ್ ಜಾಗದಿಂದ್ಲೇ ಮಾತಾಡ್ತಾ ಇವ್ನಿ ಕಣವ್ವ. ಇಲ್ಲೇ ಅವ್ರೆ, ಬೇಕಾರೆ ಕೇಳು" ಎಂದು ಫೋನನ್ನು ನನ್ನ ಕೈಗಿತ್ತರು.

ಹೌದಾ ಎಂದು ಕೇಳಿದಳು ಸವಿತಾ. ಹೌದು ಎಂದೆ. ಹಿರಿಯರ ಮಾತನ್ನು ಸುಳ್ಳು ಮಾಡುವಷ್ಟು ಕೆಟ್ಟ ಅಳಿಯ ನಾನಲ್ಲ.