ಮೆಕ್ಕಣ್ಣ ದೊರೆಗೆ ಒಂದು ಎಡೆ

1968ನೇ ಇಸವಿ ಸೆಪ್ಟೆಂಬರ್ 22, ಭಾನುವಾರ, ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಸ್ಕಾಟ್ಲೆಂಡಿನ ಒಂದು ಪುರಾತನ ಸ್ಮಶಾನದ ಗೇಟು. ಹಾಜರಿದ್ದವರು: ಕೊಳ್ಳೇಗಾಲದ ಹೈಸ್ಕೂಲು ಮೇಷ್ಟ್ರಾದ ನಾನು, ಕೌದಳ್ಳಿಯ ಮಾದೇಶ ಮತ್ತು ಒಂದು ತೆಂಗಿನಕಾಯಿ.

ನಾನು ಆ ಊರಿಗೆ ಒಂದು ವರ್ಷದ ಶಿಕ್ಷಕರ ತರಬೇತಿಗೆ ಹೋಗಿದ್ದೆ. ಮಾದೇಶ ನನ್ನ ಹಳೆಯ ವಿದ್ಯಾರ್ಥಿ. ಅಲ್ಲೇ ದನದ ಡಾಕ್ಟರಿಕೆ ಓದುತ್ತಿದ್ದ. ತೆಂಗಿನಕಾಯಿಯನ್ನು ಮೂರು ತರಕಾರಿ ಅಂಗಡಿ ಅಲೆದು ಸಂಪಾದಿಸಿದ್ದೆವು.

ನಮ್ಮನ್ನು ಅಲ್ಲಿ ನಿಲ್ಲಿಸಿದ್ದು ಮುಳ್ಳೂರಿನ ನನ್ನ ದೊಡ್ಡಪ್ಪ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಒಮ್ಮೆ ಕಾವೇರಿ ಉಕ್ಕಿ ಊರಿಗೆ ನುಗ್ಗಿತಂತೆ. ಆಗ ದೊಡ್ಡಪ್ಪನ ತಾತ ತೊಟ್ಟಿಲ ಕೂಸು. ಊರವರು ಮೆಕ್ಕಣ್ಣ ಎಂದು ಕರೆಯುತ್ತಿದ್ದ ಒಬ್ಬ ಬಿಳಿ ದೊರೆ ಆ ಕೂಸನ್ನು ಕುದುರೆಯ ಮೇಲೆ ದಡ ಸೇರಿಸಿದನಂತೆ. ಅಂದಿನಿಂದ ಪಿತೃಪಕ್ಷದಲ್ಲಿ ನಮ್ಮ ಮನೆಯ ಹಿರಿಯರ ಎಡೆಗಳ ಸಾಲಿನಲ್ಲಿ ದೊರೆಗೂ ಒಂದು ಎಲೆ. ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕಲ್ಲ. ದೊರೆಗೆ ಏನಿಷ್ಟ ಎಂದು ಕೇಳಿಟ್ಟುಕೊಂಡವರಿಲ್ಲ. ಒಂದು ಬನ್ನು, ಒಂದು ಸುರುಟು ಎಂದು ಯಾರೋ ತೀರ್ಮಾನಿಸಿದ್ದರು. ಸುರುಟನ್ನು ಹೊತ್ತಿಸಿಯೇ ಇಡಬೇಕು. ಹೊತ್ತಿಸುವ ನೆಪದಲ್ಲಿ ದೊಡ್ಡಪ್ಪ ನಾಲ್ಕು ದಮ್ಮು ಎಳೆಯುತ್ತಿದ್ದರು.

ನಾನು ಹೊರಡುವಾಗ ಅವರು ಹಾಸಿಗೆ ಹಿಡಿದಿದ್ದರು. ನನ್ನ ಕೈ ಹಿಡಿದುಕೊಂಡು ಹೇಳಿದರು: “ಓದದು ಬುಡು, ಯಾವಾಗ ಬೇಕಾದ್ರೂ ಓದ್ಬೌದು. ದೊರೆ ಅದೇ ಊರ್ನೋರು ಅಂತಿದ್ರು ನಮ್ ತಾತ. ಗೋರಿ ಹುಡ್ಕಿ ಒಂದು ಎಡೆ ಮಡಗ್ಬುಟ್ಟು ಕಾಗ್ದ ಬರಿ. ನಾಳೆ ಮ್ಯಾಲೆ ತಾತ ಸಿಕ್ಕಿ, ದೊರೆ ಋಣ ತೀರ್ಸುದ್ಯಾ ಅಂತ ಕೇಳುದ್ರೆ ಏನ್ಲಾ ಯೋಳ್ಲಿ?”

ಅವರು ಆ ಕಾಗದಕ್ಕಾಗಿಯೇ ಉಸಿರು ಹಿಡಿದುಕೊಂಡಿದ್ದಾರೆಂದು ಮನೆಯಿಂದ ಬಂದ ಪ್ರತಿ ಪತ್ರದಲ್ಲೂ ಇತ್ತು.

ನಾನು ಯಾವ ಕೆಲಸವನ್ನೂ ವೇಳಾಪಟ್ಟಿ ಇಲ್ಲದೆ ಮಾಡಿದವನಲ್ಲ. 9.00 ಪ್ರವೇಶ. 9.10 ಗೋರಿ ಪತ್ತೆ. 9.20 ಎಡೆ. 9.30 ಕಾಯಿ. 9.40 ಕಾಗೆ. ಕಾಗೆ ಎಡೆ ಮುಟ್ಟುವವರೆಗೆ ನಾವು ಬಾಯಿಗೆ ಏನೂ ಹಾಕುವಂತಿಲ್ಲವಾದ್ದರಿಂದ 9.45ಕ್ಕೆ ನಮ್ಮ ತಿಂಡಿ. ಕೊನೆಯದು, 12.00 ಕಾಗದ ಅಂಚೆಗೆ. ಕಾಗೆಗೆ ಪೂರ್ತಿ ಐದು ನಿಮಿಷ ಮಂಜೂರು ಮಾಡಿದ್ದೆ.

ಸಮಾಧಿಗಳಿರುವ ಜಾಗಕ್ಕೆ ಷೂ ಹಾಕಿಕೊಂಡು ಹೋಗುವುದುಂಟೇ? ನಾಲ್ಕೂ ಷೂಗಳನ್ನು ಗೇಟಿನ ಬಳಿ ಬಿಟ್ಟು ಒದ್ದೆ ಹುಲ್ಲಿನ ಮೇಲೆ ನಡೆದೆವು. ಹತ್ತು ಹೆಜ್ಜೆಗೆ ಕಾಲುಚೀಲ ನೆಂದು ತೊಪ್ಪೆಯಾಯಿತು.

ಮೊದಲ ಕಲ್ಲಿನ ಮೇಲೆ ಮೆಕ್ಕೇ. ಎರಡನೆಯದರ ಮೇಲೆ ಮೆಕ್ಲೀನ್. ಮೂರನೆಯದು ಮೆಕ್ಲಾಯ್ಡ್. ಕಣ್ಣು ಹಾಯುವವರೆಗೂ ಮೆಕ್ಕಣ್ಣಂದಿರೇ ಮಲಗಿದ್ದರು.

ಮಾದೇಶ ನಿಂತುಬಿಟ್ಟ. “ಸಾ, ಇದು ನಮ್ ಕಡೆ ಮಾದ ಇದ್ದಂಗೆ. ಮಾದೇಗೌಡ, ಮಾದಶೆಟ್ಟಿ, ಮಾದನಾಯ್ಕ, ಕೊನೀಗೆ ನಾನು. ಕೌದಳ್ಳೀಲಿ ನಿಂತ್ಕಂಡು ‘ಲೇ ಮಾದ’ ಅಂತ ಕೂಗುದ್ರೆ ಬಸ್ಸೇ ಖಾಲಿ ಆಯ್ತದೆ.”

“ಮಾತು ಕಡಿಮೆ. ಹುಡುಕು.”

ಹತ್ತು ಗಂಟೆಗೆ ದಿಬ್ಬದ ಮೇಲೆ ಒಂದು ಕಲ್ಲು ಸಿಕ್ಕಿತು. ತಲೆಯ ಮೇಲೆ ‘ಮೆಕೆನ್ನ’ ಎಂದು ಸ್ಪಷ್ಟವಾಗಿತ್ತು. ಕೆಳಗಿನದ್ದನ್ನೆಲ್ಲ ಪಾಚಿ ಮುಚ್ಚಿತ್ತು.

“ಇವರೇ,” ಎಂದೆ.

“ಕೆಳಗೇನ್ ಬರ್ದವ್ರೆ, ವಸಿ ಕೆರ್ದು ನೋಡ್ಬುಡನಾ ಸಾ.”

“ಐವತ್ತು ನಿಮಿಷ ತಡವಾಗಿದೆ.”

ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಹದಿನಾಲ್ಕು ವರ್ಷ ಬೋಧಿಸಿದವನು ನಾನು.

ಬಾಳೆಲೆ ಸಿಗದ ಕಾರಣ ಕೋಸಿನ ಎಲೆ ಹಾಸಿ, ಬನ್ನು ಇಟ್ಟು, ಕಲ್ಲಿಗೆ ವಿಭೂತಿ ಹಚ್ಚಿದೆ. ಸುರುಟು ಹೊತ್ತಿಸಿ ನನಗೆ ಅಭ್ಯಾಸವಿಲ್ಲ ಎಂದು ಹೇಳಿಯೇ ಹೊತ್ತಿಸಿದೆ. ಮಾದೇಶನಿಗೆ ಅನುಮಾನ ಬರುವಷ್ಟು ಸಲೀಸಾಗಿ ಹೊತ್ತಿಕೊಂಡಿತು. ಅನಂತರ ದೊಡ್ಡಪ್ಪನನ್ನು ನೆನೆದು, ಕಾಯಿಯನ್ನು ಕಲ್ಲಿನ ಬುಡಕ್ಕೆ ಅಪ್ಪಳಿಸಿದೆ.

ಕಾಯಿ ಒಡೆಯಲಿಲ್ಲ. ಪುಟಿದು, ದಿಬ್ಬ ಇಳಿದು, ಕಾವಲುಗಾರನ ಗೂಡಿನ ಕಡೆ ಉರುಳಿತು. ಅಲ್ಲಿಂದ ಪಿಂಗಾಣಿ ಒಡೆದ ಸದ್ದು ಬಂತು. ಇತ್ತ ಹೊಡೆತಕ್ಕೆ ಪಾಚಿ ಹಪ್ಪಳದ ಹಾಗೆ ಕಳಚಿ ಬಿತ್ತು. ನಾನು ಓದಿದೆ: ‘ಶ್ರೀಮತಿ ಮೆಕೆನ್ನ. ಮದ್ಯ ಮತ್ತು ಹೊಗೆಸೊಪ್ಪಿನ ವಿರುದ್ಧ ನಲವತ್ತು ವರ್ಷ ದಣಿವಿಲ್ಲದೆ ಹೋರಾಡಿದ ಪುಣ್ಯವತಿ.’

ಸುರುಟಿನ ಹೊಗೆ ನೇರವಾಗಿ ‘ಪುಣ್ಯವತಿ’ಯ ಮೇಲೆ ಹೋಗುತ್ತಿತ್ತು.

“ಸಾ,” ಎಂದ ಮಾದೇಶ ಮೆಲ್ಲಗೆ, “ಆಯಮ್ಮ ಎದ್ ಬಂದ್ರೆ, ನಾನು ನಿಮ್ ಕ್ಲಾಸಲ್ಲಿ ಓದ್ಲೇ ಇಲ್ಲ ಅಂತೀನಿ.”

ಎದ್ದು ಬಂದದ್ದು ಕಾವಲುಗಾರ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಚಹಾ ಕಪ್ಪಿನ ಹಿಡಿ. ಹಿಡಿ ಮಾತ್ರ. ನಾನು ಅಟೆನ್ಷನ್‌ನಲ್ಲಿ ನಿಂತು, ವ್ಯಾಕರಣ ತಪ್ಪದ ಇಂಗ್ಲಿಷಿನಲ್ಲಿ, ಪ್ರವಾಹ, ಕುದುರೆ, ಕೂಸು, ದೊಡ್ಡಪ್ಪ ಎಲ್ಲವನ್ನೂ ಏಳು ನಿಮಿಷಗಳಲ್ಲಿ ನಿವೇದಿಸಿಕೊಂಡೆ. ಆ ಮುದುಕ ಕೇಳಿದ್ದು ಒಂದೇ ಪ್ರಶ್ನೆ.

“ಹಾಗಾದರೆ ಈ ಬನ್ನು ಮೆಕೆನ್ನನಿಗೆ ಸೇರಬೇಕಾದ್ದು?”

“ಹೌದು.”

“ನಾನೇ ಮೆಕೆನ್ನ,” ಎಂದು ಕಲ್ಲಿನ ಪಕ್ಕದಲ್ಲಿ ಕುಳಿತು ಬನ್ನನ್ನು ಮೂರು ತುತ್ತಿಗೆ ಮುಗಿಸಿದ. “ಇವಳು ನನ್ನ ಅಜ್ಜಿ. ಬದುಕಿರುವವರೆಗೂ ನನಗೆ ಒಂದು ದಮ್ಮು ಎಳೆಯಲು ಬಿಡಲಿಲ್ಲ.” ಸುರುಟನ್ನು ಎತ್ತಿಕೊಂಡು, ಕಣ್ಣು ಮುಚ್ಚಿ, ಅಜ್ಜಿಯ ಕಡೆಗೇ ಹೊಗೆ ಬಿಟ್ಟ.

ನಿಮ್ಮ ಹಿರಿಯರು ಯಾರಾದರೂ ಇಂಡಿಯಾಕ್ಕೆ ಹೋಗಿದ್ದರೇ ಎಂದು ಆಸೆಯಿಂದ ಕೇಳಿದೆ. “ನಾವು ಪೀಪಾಯಿ ಮಾಡುವವರು. ಕುದುರೆ ಕಂಡರೆ ನಮ್ಮ ವಂಶಕ್ಕೇ ಭಯ,” ಎಂದ. ಆಮೇಲೆ ಸನಿಕೆಯ ಒಂದೇ ಏಟಿಗೆ ಕಾಯಿ ಒಡೆದು, ಅರ್ಧ ನಮಗೆ ಕೊಟ್ಟು, ಅರ್ಧ ತಾನಿಟ್ಟುಕೊಂಡ.

“ಇನ್ನು ಕಾಗೆ ಯಾಕೆ ಸಾ,” ಎಂದ ಮಾದೇಶ. “ಮೆಕ್ಕಣ್ಣನೇ ಬಂದು ಉಂಡವ್ನೆ. ನಡೀರಿ ತಿಂಡೀಗೆ.” ಮುದುಕ ಮನಸ್ಸು ಬದಲಿಸಿ ಕಪ್ಪಿನ ವಿಚಾರ ತೆಗೆಯುವ ಮೊದಲು, ಗೇಟಿನ ಬಳಿ ಷೂಗಳಿಗೆ ಕಾಲು ತೂರಿಸಿ ನಡೆದೆವು.

ಮಧ್ಯಾಹ್ನ ಮೂರಕ್ಕೆ ಕಾಗದ ಬರೆಯಲು ಕುಳಿತೆ. ಸುಳ್ಳು ಬರೆಯುವಂತಿಲ್ಲ, ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ನಿಜ ಬರೆದರೆ ದೊಡ್ಡಪ್ಪ ತಾತನಿಗೆ ಏನು ಹೇಳಿಯಾರು? ಮೂರು ಹಾಳೆ ಹರಿದೆ. ಕೊನೆಗೆ ಬರೆದದ್ದು ಇಷ್ಟು: ‘ತಮ್ಮ ಅಪ್ಪಣೆಯಂತೆ ಅಮಾವಾಸ್ಯೆಯ ದಿನವೇ ಎಡೆ ಇಟ್ಟೆವು. ಮೆಕ್ಕಣ್ಣನವರು ಖುದ್ದಾಗಿ ಬಂದು, ಬನ್ನು ತಿಂದು, ಸುರುಟು ಸೇದಿ, ಕಾಯಿಯನ್ನೂ ತಾವೇ ಒಡೆದರು. ಬಹಳ ತೃಪ್ತಿಪಟ್ಟರು.’

ಮಾದೇಶ ಎರಡು ಸಲ ಓದಿದ. “ಒಂದ್ ಸುಳ್ಳೂ ಇಲ್ಲ ಸಾ. ದೊಡ್ಡಪ್ಪಾರು ಎದ್ದು ಕುಂತ್ಕತರೆ. ಊರ್ನೋರು ಮಾತ್ರ ಎದ್ರುಕಂಡು ಮೂರ್ ದಿನ ಆಚೀಗ್ ಬರಲ್ಲ.”

ನಾಲ್ಕೂವರೆಗೆ ಕಾಗದವನ್ನು ಅಂಚೆ ಪೆಟ್ಟಿಗೆಗೆ ಹಾಕಿದೆ. ವೇಳಾಪಟ್ಟಿಯ ಕೊನೆಯ ಬಾಬಿಗೆ ಗೀಟು ಎಳೆದು, ಎಷ್ಟೇ ಅಡಚಣೆ ಬಂದರೂ ಕ್ರಮ ತಪ್ಪದವನು ಗೆಲ್ಲುತ್ತಾನೆ ಎಂದು ಮಾದೇಶನಿಗೆ ಎರಡು ಮಾತು ಹೇಳತೊಡಗಿದೆ.

ಅವನು ನನ್ನ ಮುಖ ನೋಡುತ್ತಿರಲಿಲ್ಲ. “ಸಾ, ಬೆಳಗ್ನಿಂದ ನನ್ ಬಲಗಾಲ್ ಯಾಕ್ ಹಿಂಗ್ ಒತ್ತುತಾ ಅದೆ ಅಂತ ಈಗ ಗೊತ್ತಾಯ್ತು.”

ಬಗ್ಗಿ ನೋಡಿದೆ. ನನ್ನ ಎಡಗಾಲಿನಲ್ಲಿ ನನ್ನ ಕಪ್ಪು ಷೂ. ಬಲಗಾಲಿನಲ್ಲಿ ಅವನ ಕಂದು ಷೂ. ಅದರ ಲೇಸನ್ನೂ ನಾನು ಒಪ್ಪವಾಗಿ ಬಿಗಿದು ಕಟ್ಟಿದ್ದೆ.

ಅಂಚೆ ಪೆಟ್ಟಿಗೆಗೆ ಒರಗಿ, ಒಬ್ಬರ ಹೆಗಲನ್ನು ಒಬ್ಬರು ಹಿಡಿದು, ರಸ್ತೆಯಲ್ಲೇ ಷೂ ಬದಲಾಯಿಸಿಕೊಂಡೆವು. ಸಮಯ 4.40. ಅಂದು ಒಂದು ನಿಮಿಷವೂ ತಡವಾಗದೆ ಮುಗಿದ ಕೆಲಸ ಅದೊಂದೇ, ಅದು ಪಟ್ಟಿಯಲ್ಲಿರಲಿಲ್ಲ.