ಹಸಿವಾಗೋ ಮುಂಚೆ ತಿನ್ನಿ ಅಂದ ಫ್ರಾನ್ಸಿನ ಅಜ್ಜ

ಸೈಕಲ್ ಹತ್ತಿದ ಮೇಲೆ ನಗೋಹಾಗಾಗೋದು ತಪ್ಪೋದಿಲ್ಲ. ಅದರಲ್ಲೂ ಪರದೇಶದಲ್ಲಿರೋ ನಮ್ಮ ಕ್ಯಾಂಟನ್ ಊರಿನ ಕನ್ನಡದವರ ಗುಂಪಿನ ಜೊತೆ ಹೋದರೆ ಮುಗಿಯಿತು.

ಹಸಿವು

ನಮ್ಮನೆಯವಳು ತೀರಿಕೊಂಡ ಮೇಲೆ ನನಗೆ ಹಸಿವೇ ನಿಂತುಹೋಯಿತು. ಮಗಳು ತಾನಿರೋ ಅರೋರಾ ಊರಿಂದ ದಿನಾ ಫೋನ್ ಮಾಡುತ್ತಿದ್ದಳು. "ಅಪ್ಪಾ, ಊಟ ಆಯ್ತಾ?" ಆಯ್ತು ಅನ್ನುತ್ತಿದ್ದೆ. ಒಂದು ದಿನ ಬಂದು ಫ್ರಿಜ್ ತೆಗೆದಳು. ಹೋದ ಸಲ ಅವಳೇ ಮಾಡಿಟ್ಟ ಸಾರು ಹಾಗೇ ಇತ್ತು.

"ಚಳಿ ಶುರುವಾಗೋದರೊಳಗೆ ನೀವು ನಮ್ಮನೆಗೆ ಬರ್ತೀರಿ. ನೋ ಆರ್ಗ್ಯುಮೆಂಟ್."

ನನಗೆ ಈ ಮನೆ ಬಿಡೋದಕ್ಕೆ ಇಷ್ಟವಿಲ್ಲ. ನಮ್ಮನೆಯವಳು ಓಡಾಡಿದ ಮನೆ. ಅವಳು ಹೇಗೆ ಜೋಡಿಸಿದ್ದಳೋ ಅಡುಗೆಮನೆ ಈಗಲೂ ಹಾಗೇ ಇದೆ.

ಪಕ್ಕದ ಮನೆಯವರು ಧಾರವಾಡದ ಕಡೆಯ ಡಾಕ್ಟರು. ನನ್ನನ್ನು ಎಳೆದುಕೊಂಡು ಹೋಗಿ ಸೈಕಲ್ ಗುಂಪಿಗೆ ಸೇರಿಸಿದರು. ಗ್ಯಾರೇಜಿನಲ್ಲಿ ನಮ್ಮನೆಯವಳ ಸೈಕಲ್ ಇತ್ತು. ಮುಂದೆ ಬುಟ್ಟಿ ಇರೋದು. ಅದನ್ನೇ ತೆಗೆದೆ.

ಸೈಕಲ್ ವಿಷಯದಲ್ಲಿ ಡಾಕ್ಟರಿಗೆ ಒಬ್ಬ ಗುರು, ಅವನನ್ನು ಅವರು ಅಜ್ಜ ಅಂತಲೇ ಅನ್ನೋದು. ಹಳೇ ಕಾಲದ ಫ್ರಾನ್ಸಿನವನು. ಗೇರ್ ಇರೋ ಸೈಕಲ್ ಅಂದರೆ ಜನ ನಗುತ್ತಿದ್ದ ಕಾಲದಲ್ಲಿ ಗೇರ್ ಹಾಕಿಕೊಂಡು ಬೆಟ್ಟ ಹತ್ತಿದವನಂತೆ. ಮಾಂಸ ಮುಟ್ಟುತ್ತಿರಲಿಲ್ಲವಂತೆ. ದೂರ ಹೋಗೋರಿಗೆ ಅಂತ ಒಂದಷ್ಟು ನಿಯಮ ಹೇಳಿಹೋಗಿದ್ದಾನೆ. ನನಗೆ ಓದು ಕಮ್ಮಿ, ಎಲ್ಲ ಡಾಕ್ಟರ ಬಾಯಿಂದ ಕೇಳಿದ್ದು.

ಮೊದಲನೇ ದಿನ ಡಾಕ್ಟರು ಚಪಾತಿ ಸುರುಳಿ ಕೊಟ್ಟರು. "ಹಸಿವೇ ಆಗಲ್ಲ ಡಾಕ್ಟ್ರೇ" ಅಂದೆ.

"ಬಾಳ ಚಲೋ ಆತು! ಹಸಿವು ಆಗೂಕಿಂತ ಮೊದ್ಲ ತಿನ್ರಿ ಅಂದಾನ ನಮ್ಮ ಅಜ್ಜ. ನಾವು ಟೈಮ್ ನೋಡಿ ತಿನ್ನಬೇಕು. ನಿಮಗ ಆ ತ್ರಾಸಿಲ್ಲ, ಯಾವಾಗ ಬೇಕಾದ್ರೂ ತಿನ್ನಬಹುದು."

ತಿಂದೆ.

ಫೋಟೋ

ಆಯುಧಪೂಜೆಗೆ ಡಾಕ್ಟರು ತಮ್ಮ ಗ್ಯಾರೇಜಿನಲ್ಲಿ ಎಲ್ಲರ ಸೈಕಲ್ ಸಾಲಾಗಿ ನಿಲ್ಲಿಸಿದರು. ನಡುವೆ ಆ ಫ್ರಾನ್ಸಿನ ಅಜ್ಜನ ಫೋಟೋ. ಅದಕ್ಕೂ ಹಾರ.

ಹೊಸದಾಗಿ ನಮ್ಮ ಬಡಾವಣೆಗೆ ಬಂದ ಮೈಸೂರಿನ ಆಂಟಿಯೊಬ್ಬರು ಪ್ರಸಾದಕ್ಕೆ ಬಂದರು. ಫೋಟೋ ನೋಡಿ ದನಿ ತಗ್ಗಿಸಿದರು.

"ಯಾವಾಗ ಹೋದ್ರು?"

"ಬಾಳ ವರ್ಷ ಆತ್ರಿ," ಅಂದರು ಡಾಕ್ಟರು.

"ಹುಷಾರಿರಲಿಲ್ವಾ?"

"ಗಟ್ಟಿಮುಟ್ಟಾಗಿದ್ರು. ಟ್ರಾಮ್ ಹೊಡೀತು. ಫ್ರಾನ್ಸಿನಾಗ."

"ಅಯ್ಯೋ!" ಆಂಟಿ ಕಣ್ಣೊರೆಸಿಕೊಂಡರು. "ಅಲ್ಲಿ ಯಾರಿದ್ರು? ಮಗನ ಮನೆಗೆ ಹೋಗಿದ್ರಾ, ಮಗಳ ಮನೆಗಾ?"

ನೀರು

ದಾರಿಯಲ್ಲಿ ನಿಂತರೆ ಬೇಗ ಹೊರಡಬೇಕು ಅನ್ನೋದು ಅಜ್ಜನ ಇನ್ನೊಂದು ನಿಯಮ. ಪಾಪ, ಅವನು ನಮ್ಮವರ ಮನೆ ನೋಡಿರಲಿಲ್ಲ.

ಒಂದು ದಿನ ಬಿಸಿಲು ಜೋರಿತ್ತು. ಬಾಟಲಿ ತುಂಬಿಸಿಕೊಳ್ಳೋಣ ಅಂತ ಅದೇ ಆಂಟಿಯ ಮನೆ ಬೆಲ್ ಒತ್ತಿದೆವು.

"ಬರೀ ನೀರು ಕೊಟ್ಟು ಕಳಿಸಕ್ಕಾಗತ್ತಾ? ಒಳಗೆ ಬನ್ನಿ!"

ಉಪ್ಪಿಟ್ಟು ಆಯಿತು. ಕೇಸರಿಭಾತ್ ಆಯಿತು. ಕಾಫಿ ಆಯಿತು. ಎದ್ದು ನಿಂತು ಹಾಲ್‌ನಲ್ಲಿ ಮಾತಾಡಿದೆವು. ಬಾಗಿಲಲ್ಲಿ ಮಾತಾಡಿದೆವು. ಹೆಂಗಸರು ಹಾಕಿಕೊಂಡ ಹೆಲ್ಮೆಟ್ ತೆಗೆದು ಕುಂಕುಮ ಇಟ್ಟುಕೊಂಡರು. ಮನೆ ಮುಂದಿನ ಡ್ರೈವ್‌ವೇಯಲ್ಲಿ ಮತ್ತೆ ಮಾತು. ಅಷ್ಟರಲ್ಲಿ ಬಿಸಿಲೇ ಇಳಿಯಿತು.

ಸೈಕಲ್ ಹತ್ತಿದಾಗ ಆಂಟಿ ಮುಖ ಸಣ್ಣ ಮಾಡಿಕೊಂಡರು. "ಏನಿದು, ಬಂದ ಹಾಗೇ ಹೊರಟುಬಿಟ್ರಲ್ಲ!"

ಮಗಳು

ಎಲೆ ಉದುರೋ ಹೊತ್ತಿಗೆ ಮಗಳು ಬಂದಳು, ಖಾಲಿ ಸೂಟ್‌ಕೇಸ್ ಹಿಡಿದುಕೊಂಡು. ನನ್ನ ಬಟ್ಟೆ ತುಂಬೋದಕ್ಕೆ.

"ನಾಳೆ ಸೈಕಲ್ ಇದೆ. ಮುಗಿಸಿ ಮಾತಾಡೋಣ" ಅಂದೆ.

"ನಾನೂ ಬರ್ತೀನಿ. ನೀವು ಏನ್ ಮಾಡ್ತೀರಾ ಅಂತ ಐ ವಾಂಟ್ ಟು ಸೀ."

ಜಿಮ್‌ಗೆ ಹೋಗೋ ಹುಡುಗಿ. ಡಾಕ್ಟರು ತಮ್ಮ ಇನ್ನೊಂದು ಸೈಕಲ್ ಕೊಟ್ಟರು. ಬೆಳಿಗ್ಗೆ ನಾನು ಅವಲಕ್ಕಿ ತಿಂದೆ. ಅವಳು "ನಾಟ್ ಹಂಗ್ರಿ" ಅಂದಳು. ಅರ್ಧ ದಾರಿಯಲ್ಲಿ ಬಾಳೆಹಣ್ಣು ಕೊಡಹೋದೆ. "ಐಯಾಮ್ ಫೈನ್, ಅಪ್ಪಾ. ನೀವು ನಿಧಾನಕ್ಕೆ ಬನ್ನಿ." ಹಾರಿಹೋದಳು.

ಡಾಕ್ಟರು ನನ್ನ ಕಡೆ ನೋಡಿದರು. "ಜಂಬಕ್ಕ ತುಳೀಬ್ಯಾಡ್ರಿ ಅಂತನೂ ಅಜ್ಜ ಹೇಳ್ಯಾನ್ರಿ."

"ಅವಳಿಗೆ ಯಾರು ಹೇಳೋದು ಡಾಕ್ಟ್ರೇ?"

"ರೋಡ್ ಹೇಳ್ತದ ಬಿಡ್ರಿ."

ಹೇಳಿತು. ಸ್ವಲ್ಪ ಮುಂದೆ ಹೋದರೆ ಹುಲ್ಲಿನ ಮೇಲೆ ಕೂತಿದ್ದಾಳೆ. ಮುಖ ಬೆಳ್ಳಗಾಗಿದೆ, ಏಳೋದಕ್ಕೆ ತ್ರಾಣವಿಲ್ಲ. ಸೈಕಲ್ ಒಂದು ಕಡೆ ಬಿದ್ದಿದೆ.

ಪಕ್ಕದಲ್ಲಿ ಕೂತು ನೀರು ಕೊಟ್ಟೆ. ಬೆಲ್ಲ ಕೊಟ್ಟೆ. ಆಮೇಲೆ ಪುಳಿಯೋಗರೆ ಡಬ್ಬಿ ತೆಗೆದೆ. ಗಬಗಬ ತಿಂದಳು. ಡಬ್ಬಿ ಅರ್ಧ ಖಾಲಿಯಾದ ಮೇಲೆ ಕೇಳಿದಳು.

"ಅಮ್ಮ ಮಾಡೋ ಥರಾನೇ ಇದೆ. ಯಾರ ಮನೇದು?"

"ನಮ್ಮನೇದು. ನಾನೇ ಮಾಡಿದ್ದು."

ನನ್ನನ್ನೇ ನೋಡಿದಳು. ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡಳು. ಡಾಕ್ಟರು ಆ ಕಡೆ ತಿರುಗಿ ತಮ್ಮ ಟೈರ್‌ಗೆ ಗಾಳಿ ಹೊಡೆಯತೊಡಗಿದರು. ಗಾಳಿ ಸರಿಯಾಗೇ ಇತ್ತು.

ಆಮೇಲೆ ನಾನೇ ಕೇಳಿದೆ. "ಹಾಗಾದ್ರೆ ಅರೋರಾಗೆ ಯಾವಾಗ ಹೊರಡೋದಮ್ಮಾ?"

ಮಗಳು ಹುಲ್ಲಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡಳು.

"ಅಪ್ಪಾ, ಅರೋರಾ ಮಾತು ಬಿಡಿ. ಫಸ್ಟ್ ನನ್ನನ್ನ ನಿಮ್ಮನೆ ತನಕ ಕರ್ಕೊಂಡ್ಹೋಗಿ."